ಅಬ್ಬಿ ನೀರನ್ನು ಪಂಪಿಲ್ಲದೆ ಮನೆಗೂ ತೋಟಕ್ಕೂ ತರುವುದು

ಶರಾವತಿ, ಅಘನಾಶಿನಿ ಕಣಿವೆಗಳಲ್ಲಿ ಅಬ್ಬಿ ನೀರು, ಅಂದರೆ ಗುಡ್ಡದಿಂದ ತಾನಾಗಿ ಇಳಿಯುವ ಹಳ್ಳದ ನೀರು ತರಲು ಅಡಿಕೆ ದಂಬೆಯ (ಅಡಿಕೆ ಮರ ಸೀಳಿ ಮಾಡಿದ ದೋಣಿಯ) ಜಾಗಕ್ಕೆ ಕಪ್ಪು ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಪೈಪು ಬಂದು ಬಹಳ ಕಾಲವಾಯಿತು. ಆದರೂ ಅಂಗಡಿಗೆ ಹೋಗಿ ಪೈಪು ತಂದ ಮೇಲೆ ಹಳ್ಳ ನೋಡುವವರೇ ಹೆಚ್ಚು. ಆಗಬೇಕಾದ್ದು ತಿರುವುಮುರುವು.

ಏಪ್ರಿಲ್ ಕೊನೆಗೆ, ಭರಣಿ ಮಳೆ ಬೀಳುವ ಮೊದಲು ಹರಿವು ಅಳೆಯಿರಿ. ಡಿಸೆಂಬರಿನ ಅಳತೆ ನಂಬಿದರೆ ಬೇಸಿಗೆಯಲ್ಲಿ ತೋಟ ಒಣಗುತ್ತದೆ. ಹಳ್ಳಕ್ಕೆ ಮಣ್ಣಿನ ಕಟ್ಟು ಹಾಕಿ, ನೀರೆಲ್ಲ ಒಂದೇ ಕೊಳವೆಯಲ್ಲಿ ಬೀಳುವಂತೆ ಮಾಡಿ, 20 ಲೀಟರಿನ ಕೊಡಪಾನ ಹಿಡಿಯಿರಿ. 20 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 1 ಲೀಟರ್. ಅರ್ಧ ಹಳ್ಳಕ್ಕೇ ಬಿಡಿ, ಕೆಳಗಿನವರಿಗೂ ಬೇಕು. ಉಳಿದರ್ಧವೇ ದಿನಕ್ಕೆ 43,200 ಲೀಟರ್. ಆರು ಜನರ ಮನೆಗೆ ತಲೆಗೆ 55 ಲೀಟರಿನಂತೆ 330, ಎಕರೆಯ 550 ಅಡಿಕೆ ಮರಕ್ಕೆ ಹನಿ ನೀರಾವರಿಯಲ್ಲಿ 20 ಲೀಟರಿನಂತೆ 11,000. ಧಾರಾಳವಾಯಿತು. ಮೂಲ ಅರಣ್ಯದೊಳಗಿದ್ದರೆ ಇಲಾಖೆಯ ಅನುಮತಿ ಮೊದಲು.

ಇಳಿಜಾರನ್ನು ಗಾರೆಯವರು ಮಟ್ಟ ನೋಡುವ, ನೀರು ತುಂಬಿದ ಟ್ಯೂಬ್ ಲೆವೆಲ್‌ನಲ್ಲಿ ಅಳೆಯಿರಿ, ಮೊಬೈಲು ತೋರಿಸುವ ಎತ್ತರ ಈ ಕೆಲಸಕ್ಕೆ ಆಗುವುದಿಲ್ಲ. ಮೂಲದಿಂದ ಟ್ಯಾಂಕಿಗೆ 600 ಮೀಟರ್ ದೂರ, 25 ಮೀಟರ್ ಇಳಿತ ಎನ್ನೋಣ. ಸೆಕೆಂಡಿಗೆ ಅರ್ಧ ಲೀಟರ್ ಹರಿಸಲು ಪೈಪಿನ ಘರ್ಷಣೆ ಪ್ರತಿ 100 ಮೀಟರಿಗೆ ತಿನ್ನುವ ಇಳಿತ 25 ಮಿ.ಮೀ.ನಲ್ಲಿ ಸುಮಾರು 13 ಮೀಟರ್, 32ರಲ್ಲಿ 3, 40ರಲ್ಲಿ 1. ಅಂದರೆ 25ರ ಪೈಪಿಗೆ 78 ಮೀಟರ್ ಬೇಕು, ಇರುವುದು 25. 32ರದ್ದು ಸಾಕು. ದುಡ್ಡು ಉಳಿಸಲು ಸಣ್ಣ ಪೈಪು ಹಾಕಿ ‘ಅಬ್ಬಿ ಬತ್ತಿದೆ’ ಎನ್ನುವವರ ಕಥೆ ಇಷ್ಟೇ. ಈ ಮಿ.ಮೀ. ಹೊರಗಿನ ಅಳತೆ ಎಂಬುದು ನೆನಪಿರಲಿ. ಕೆಳಗಿನ ವಾಲ್ವ್ ಮುಚ್ಚಿದಾಗ ಪ್ರತಿ 10 ಮೀಟರ್ ಇಳಿತಕ್ಕೆ ಚದರ ಸೆಂ.ಮೀ.ಗೆ 1 ಕೆ.ಜಿ. ಒತ್ತಡ ಬೀಳುತ್ತದೆ, 6 ಕೆ.ಜಿ. ಒತ್ತಡ ತಾಳುವ ಪೈಪಿಗೆ 60 ಮೀಟರೇ ಮಿತಿ. ಅದಕ್ಕೂ ಹೆಚ್ಚು ಇಳಿದರೆ ನಡುವೆ ಒಂದು ತೆರೆದ ತೊಟ್ಟಿ ಕಟ್ಟಿ.

ಪೈಪು ಎಲ್ಲಾದರೂ ಗುಡ್ಡ ಹತ್ತಿ ಇಳಿದರೆ ಆ ಏರಿನಲ್ಲಿ ಗಾಳಿ ಕಟ್ಟಿಕೊಂಡು ನೀರು ಸೊರಗುತ್ತದೆ. ಅಲ್ಲೊಂದು ಟೀ (‘T’ ಆಕಾರದ ಜೋಡಣೆ) ಹಾಕಿ ಅರ್ಧ ಇಂಚಿನ ವಾಲ್ವ್ ಕೂರಿಸಿ. ಮೊದಲ ಸಲ ನೀರು ಬಿಡುವಾಗ ಅದನ್ನು ತೆರೆದಿಡಿ. ಬುಸ್ಸೆಂದು ಗಾಳಿ ಹೋಗಿ, ನೀರು ಉಗುಳುತ್ತ ಉಗುಳುತ್ತ ಒಂದೇ ಧಾರೆಯಾದಾಗ ಮುಚ್ಚಿ. ತಗ್ಗಿನಲ್ಲಿ ಕೂರುವ ಮರಳಿಗೂ ಹೀಗೇ ಒಂದು ವಾಲ್ವ್.

ಪೈಪಿನ ಬಾಯಿ ಹಳ್ಳದ ತಳಕ್ಕೆ ತಾಗಿದರೆ ಮರಳು, ಮೇಲಿದ್ದರೆ ದರಗು (ಒಣಗಿದ ಎಲೆ) ಸೇರುತ್ತದೆ. ಎರಡರ ನಡುವೆ, ತಳದಿಂದ ಒಂದು ಗೇಣು ಮೇಲೆ ಕಟ್ಟಿ. ಬಾಯಿಗೆ ಒಂದು ಮಾರುದ್ದದ ದಪ್ಪ ಕೊಳವೆ ಸೇರಿಸಿ, ತುಂಬ ತೂತು ಕೊರೆದು, ತುಕ್ಕು ಹಿಡಿಯದ ಜಾಲರಿ ಸುತ್ತಿ. ಗುಟುಗುಟು ಸದ್ದು ಕೇಳಿದರೆ ಪೈಪು ಬರುವುದಕ್ಕಿಂತ ಹೆಚ್ಚು ನೀರೆಳೆದು ಗಾಳಿ ಕುಡಿಯುತ್ತಿದೆ ಎಂದರ್ಥ. ಕೆಳಗಿನ ವಾಲ್ವ್ ಸ್ವಲ್ಪ ತಿರುಗಿಸಿ ಹರಿವು ತಗ್ಗಿಸಿ.

ಟ್ಯಾಂಕಿಯಲ್ಲಿ ತೋಟದ ಪೈಪನ್ನು ಅರ್ಧ ಎತ್ತರಕ್ಕೂ ಮನೆಯದನ್ನು ತಳದಿಂದ ನಾಲ್ಕು ಬೆರಳು ಮೇಲಕ್ಕೂ ಕೂರಿಸಿ. ರಾತ್ರಿಯಿಡೀ ತೋಟದ ಜೆಟ್ (ನೀರು ಚಿಮ್ಮಿಸುವ ಸ್ಪ್ರಿಂಕ್ಲರ್) ಬಂದ್ ಮಾಡಲು ಮರೆತರೂ ಬೆಳಗಿನ ಕಾಫಿಗೆ ನೀರಿರುತ್ತದೆ! ಕುಡಿಯುವ ಪಾಲಿಗೆ ಬೇರೆಯೇ ಟ್ಯಾಂಕಿ ಇಟ್ಟು, 1,000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪುಡಿ ಬಕೆಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿ ಮಾತ್ರ ಸುರಿದು ಒಂದು ಗಂಟೆ ಬಿಡಿ. ಕೆಂಪು ನೀರಿಗೆ ಇದು ನಾಟುವುದಿಲ್ಲ, ಹಾಗಾಗಿ ಮೃಗಶಿರ ಮಳೆ ಹಿಡಿಯುವ ಮುನ್ನ ಬಾಯನ್ನು ಹಳ್ಳದಿಂದ ಎತ್ತಿ ದಡದ ಮರಕ್ಕೆ ಕಟ್ಟಿಬಿಡಿ.