ಒಂದೇ ಸಾಲಿಗೆ ಮೂರು ಚಲನೆ: ಆಫ್ಟರ್ ಎಫೆಕ್ಟ್ಸ್‌ನಲ್ಲಿ ಕನ್ನಡ ಟೈಟಲ್

ವಿಡಿಯೊಗೆ ಚಲಿಸುವ ಅಕ್ಷರ, ಚಿತ್ರ ಮಾಡುವ ಆಫ್ಟರ್ ಎಫೆಕ್ಟ್ಸ್ ಸಾಫ್ಟ್‌ವೇರ್‌ನಲ್ಲಿ ಒಂದು ಪ್ರೀಸೆಟ್ (ಸಿದ್ಧ ಚಲನೆ) ಎಳೆದು ಹಾಕಿದರೆ ಅಕ್ಷರ ಚೆನ್ನಾಗಿಯೇ ಬರುತ್ತದೆ. ಅದರ ಮೇಲೆ ಇನ್ನೊಂದು ಹಾಕಿದರೆ ಪರದೆ ಖಾಲಿ! ಸಾಫ್ಟ್‌ವೇರ್ ಕೆಟ್ಟಿಲ್ಲ. ಒಂದೇ ಲೇಯರ್‌ನ ಅನಿಮೇಟರ್‌ಗಳು (ಅಕ್ಷರಕ್ಕೆ ಚಲನೆ ಕೊಡುವ ಗುಂಪುಗಳು, ಪ್ರೀಸೆಟ್ ಸೇರಿಸುವುದೂ ಇವನ್ನೇ) ಒಂದರ ನಂತರ ಒಂದು ಓಡುವುದಿಲ್ಲ, ಎಲ್ಲವೂ ಒಟ್ಟಿಗೇ ಕೆಲಸ ಮಾಡುತ್ತವೆ. ಪೊಸಿಷನ್ ಕೂಡುತ್ತಾ ಹೋಗುತ್ತದೆ. ಆಪಾಸಿಟಿಯಲ್ಲಿ (ಅಕ್ಷರ ಎಷ್ಟು ಗಾಢವಾಗಿ ಕಾಣುತ್ತದೆ ಎಂಬುದರಲ್ಲಿ) ಮಾತ್ರ ಒಂದು ಅನಿಮೇಟರ್ ಸೊನ್ನೆ ಅಂದರೂ ಅಕ್ಷರ ಮಾಯ. ಹಾಗಾಗಿ ಬರುವುದಕ್ಕೆ ಒಂದು, ಇರುವಷ್ಟು ಹೊತ್ತಿಗೆ ಒಂದು, ಹೋಗುವುದಕ್ಕೆ ಒಂದು ಎಂದು ಬೇರೆ ಬೇರೆ ಅನಿಮೇಟರ್ ಇಟ್ಟುಕೊಳ್ಳಬೇಕು. ತನ್ನ ಸರದಿ ಇಲ್ಲದಾಗ ಪ್ರತಿಯೊಂದೂ ಸುಮ್ಮನಿರಬೇಕು.

ಉದಾಹರಣೆಗೆ “ನವೆಂಬರ್ 1 ಕನ್ನಡ ರಾಜ್ಯೋತ್ಸವ” ಎಂಬ ನಾಲ್ಕು ಪದದ ಸಾಲು. ಕಾಂಪೊಸಿಷನ್ 1920×1080, ಸೆಕೆಂಡಿಗೆ 25 ಫ್ರೇಮ್, ಉದ್ದ 5 ಸೆಕೆಂಡ್.

ಮೊದಲು ಫಾಂಟ್. ಹಳೆಯ ನುಡಿ, ಬರಹದ ಆಸ್ಕಿ ಫಾಂಟ್‌ಗಳಲ್ಲಿ ಒತ್ತು, ದೀರ್ಘಗಳು ಬೇರೆಯದೇ ಅಕ್ಷರಗಳಾಗಿ ಕೂತಿರುತ್ತವೆ. ಅಕ್ಷರ ಅಕ್ಷರವಾಗಿ ಅನಿಮೇಟ್ ಮಾಡಿದರೆ “ಜ” ಮುಂದೆ ಬಂದು, ಅದರ ಒತ್ತು ಹಿಂದಿನಿಂದ ಓಡಿ ಬಂದು ಸೇರಿಕೊಳ್ಳುತ್ತದೆ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡದಂಥ ಯೂನಿಕೋಡ್ ಫಾಂಟ್ ಬಳಸಿ. ಅದರಲ್ಲೂ “ಸ್ತ್ರೀ”, “ಸೂರ್ಯ”, “ರಾಷ್ಟ್ರೀಯ” ಟೈಪ್ ಮಾಡಿ, ಒಂದೊಂದೇ ಫ್ರೇಮ್ ಸರಿಸಿ ನೋಡಿ. ಒತ್ತಾಗಲಿ ಅರ್ಕಾವತ್ತಾಗಲಿ ಕಳಚಿಕೊಂಡರೆ ಪದ ಪದವಾಗಿ ತರುವುದೇ ದಾರಿ. ಕನ್ನಡಕ್ಕೆ ಅದೇ ಚೆಂದವೂ ಹೌದು.

ಬರುವ ಚಲನೆ. ಟೆಕ್ಸ್ಟ್ ಲೇಯರ್ ಬಿಚ್ಚಿ, ಅನಿಮೇಟ್ ಬಾಣದಿಂದ ಪೊಸಿಷನ್ ಆರಿಸಿ 0, 80 ಕೊಡಿ. ಅದೇ ಅನಿಮೇಟರ್‌ನ ಪಕ್ಕದ ಆ್ಯಡ್ ಬಾಣದಿಂದ ಆಪಾಸಿಟಿ ಸೇರಿಸಿ 0 ಮಾಡಿ. ಪರಿಣಾಮ ಸಾಲಿನ ಯಾವ ಭಾಗಕ್ಕೆ ಎಂದು ಹೇಳುವ ರೇಂಜ್ ಸೆಲೆಕ್ಟರ್‌ನ ಅಡ್ವಾನ್ಸ್ಡ್ ತೆರೆದು ಬೇಸ್ಡ್ ಆನ್ ಜಾಗದಲ್ಲಿ ವರ್ಡ್ಸ್, ಶೇಪ್ ಜಾಗದಲ್ಲಿ ರ‍್ಯಾಂಪ್ ಅಪ್, ಈಸ್ ಲೋ 100 ಮಾಡಿ. ಈಗ ಆಫ್‌ಸೆಟ್‌ಗೆ 0ನೇ ಫ್ರೇಮಿನಲ್ಲಿ −100, 30ನೇ ಫ್ರೇಮಿನಲ್ಲಿ 100 ಕೀಫ್ರೇಮ್ (ಆ ಫ್ರೇಮಿನ ಬೆಲೆಯ ಗುರುತು) ಹಾಕಿ. ಪದಗಳು ಕೆಳಗಿನಿಂದ ಒಂದರ ಹಿಂದೊಂದು ಎದ್ದು ಬಂದು ಮೆಲ್ಲಗೆ ನಿಲ್ಲುತ್ತವೆ. ಪ್ರತಿ ಪದಕ್ಕೆ ಸುಮಾರು 15 ಫ್ರೇಮ್ ಸಿಗುತ್ತದೆ. ಇನ್ನೂ ಚುರುಕಾಗಬೇಕೇ? ಎಂಡ್ 50 ಮಾಡಿ, ಆಫ್‌ಸೆಟ್ −50ರಿಂದ 100ಕ್ಕೆ ಓಡಿಸಿ. ಪದಕ್ಕೆ ಹತ್ತೇ ಫ್ರೇಮ್.

ಹೋಗುವುದು. ಲೇಯರ್ ಹೆಸರಿನ ಮೇಲೊಮ್ಮೆ ಕ್ಲಿಕ್ ಮಾಡಿ ಆಮೇಲೆ ಅನಿಮೇಟ್ ಒತ್ತಿ, ಇಲ್ಲವಾದರೆ ಹಳೆಯ ಅನಿಮೇಟರ್‌ಗೇ ಹೋಗಿ ಸೇರಿಕೊಂಡೀತು. ಪೊಸಿಷನ್ 0, −80, ಆಪಾಸಿಟಿ 0, ಬೇಸ್ಡ್ ಆನ್ ವರ್ಡ್ಸ್. ಶೇಪ್ ಮಾತ್ರ ರ‍್ಯಾಂಪ್ ಡೌನ್. ಆಫ್‌ಸೆಟ್ 95ನೇ ಫ್ರೇಮಿನಲ್ಲಿ −100, 120ನೇ ಫ್ರೇಮಿನಲ್ಲಿ 100. ಎಲ್ಲರೂ ಎಡವುವುದು ಇಲ್ಲೇ. ರ‍್ಯಾಂಪ್ ಅಪ್‌ನಲ್ಲಿ −100 ಅಂದರೆ ಎಲ್ಲ ಪದಕ್ಕೂ ಪರಿಣಾಮ ಪೂರ್ತಿ. ರ‍್ಯಾಂಪ್ ಡೌನ್‌ನಲ್ಲಿ ಅದೇ −100 ಅಂದರೆ ಪರಿಣಾಮವೇ ಇಲ್ಲ. ಇಲ್ಲೂ ರ‍್ಯಾಂಪ್ ಅಪ್ ಹಾಕಿಬಿಟ್ಟರೆ ಹೋಗುವ ಅನಿಮೇಟರ್ ಮೊದಲ ಫ್ರೇಮಿನಿಂದಲೇ ಸಾಲನ್ನು ಮುಚ್ಚಿಟ್ಟಿರುತ್ತದೆ. ಎರಡರ ಕೀಫ್ರೇಮ್ ಒಂದರ ಮೇಲೊಂದು ಬಿದ್ದರೆ ಪದ ಎಲ್ಲೂ ನಿಲ್ಲದೆ ಮೇಲಕ್ಕೆ ಜಾರುತ್ತದೆ, ಪೂರ್ತಿ ಕಾಣಿಸುವುದೂ ಇಲ್ಲ.

ನಡುವಿನ ಅಲುಗಾಟ. ಮೂರನೆಯ ಅನಿಮೇಟರ್‌ಗೆ ರೊಟೇಷನ್ ಕೊಟ್ಟು, ಆ್ಯಡ್ ಬಾಣದ ಸೆಲೆಕ್ಟರ್‌ನಿಂದ ವಿಗ್ಲಿ (ಬೆಲೆಯನ್ನು ತಾನೇ ಏರಿಳಿಸುವ ಸೆಲೆಕ್ಟರ್) ಸೇರಿಸಿ. ವಿಗ್ಲಿಗೂ ತನ್ನದೇ ಬೇಸ್ಡ್ ಆನ್ ಇದೆ, ಅದನ್ನೂ ವರ್ಡ್ಸ್ ಮಾಡಿ. ಕೋರಿಲೇಷನ್ 0 ಇಟ್ಟರೆ ಪದಗಳು ತಮ್ಮಷ್ಟಕ್ಕೆ ಅಲುಗುತ್ತವೆ, 100 ಇಟ್ಟರೆ ಎಲ್ಲ ಒಟ್ಟಿಗೆ ವಾಲುತ್ತವೆ. ರೊಟೇಷನ್‌ಗೆ 30ನೇ ಫ್ರೇಮಿನಲ್ಲಿ 0, 40ರಲ್ಲಿ 3 ಡಿಗ್ರಿ, 85ರಲ್ಲಿ 3, 95ರಲ್ಲಿ ಮತ್ತೆ 0. ಮೂರಕ್ಕಿಂತ ಹೆಚ್ಚಾದರೆ ಓದಲು ಕಿರಿಕಿರಿ. ಪದ ಪೂರ್ತಿಯಾಗಿ ತಿರುಗುವ ಬದಲು ಒಳಗಿನ ಅಕ್ಷರಗಳು ಒಂದೊಂದೇ ಸೊಟ್ಟಗಾಗುತ್ತಿದ್ದರೆ, ಮೋರ್ ಆಪ್ಷನ್ಸ್ ಒಳಗೆ ಆಂಕರ್ ಪಾಯಿಂಟ್ ಗ್ರೂಪಿಂಗ್ ಇನ್ನೂ ಕ್ಯಾರೆಕ್ಟರ್‌ನಲ್ಲೇ ಇದೆ ಎಂದರ್ಥ. ಅದನ್ನು ವರ್ಡ್ ಮಾಡಿ, ಗ್ರೂಪಿಂಗ್ ಅಲೈನ್‌ಮೆಂಟ್‌ನ ಎರಡನೇ ಅಂಕಿ −50 ಕೊಡಿ.

ಅನಿಮೇಟರ್ ಹೆಸರಿನ ಮೇಲೆ ಎಂಟರ್ ಒತ್ತಿ “ಬರು”, “ಅಲುಗು”, “ಹೋಗು” ಎಂದು ಹೆಸರಿಡಿ. ಏನಾದರೂ ಕೆಟ್ಟಾಗ ಕಣ್ಣಿನ ಗುರುತು ಆರಿಸಿ ಒಂದೊಂದನ್ನೇ ಪರೀಕ್ಷಿಸಲು ಅನುಕೂಲ.

ಸಿದ್ಧ ಪ್ರೀಸೆಟ್‌ಗಳನ್ನೇ ಕೂಡಿಸುವವರಿಗೂ ಲೆಕ್ಕ ಇದೇ. ಪ್ರೀಸೆಟ್‌ನ ಕೀಫ್ರೇಮ್‌ಗಳು ಪ್ಲೇಹೆಡ್ (ಟೈಮ್‌ಲೈನ್‌ನಲ್ಲಿ ಈಗಿನ ಫ್ರೇಮ್ ತೋರಿಸುವ ಗೆರೆ) ನಿಂತಲ್ಲಿಂದ ಶುರುವಾಗುತ್ತವೆ. ಆದ್ದರಿಂದ ಅನಿಮೇಟ್ ಔಟ್ ಹಾಕುವಾಗ ಪ್ಲೇಹೆಡ್ 95ರಲ್ಲಿರಲಿ, 120ರಲ್ಲಲ್ಲ. ಹಾಕಿದ ಮೇಲೆ ‘ಯು’ ಕೀಲಿ ಒತ್ತಿದರೆ ಕೀಫ್ರೇಮ್‌ಗಳೆಲ್ಲ ಕಾಣಿಸುತ್ತವೆ, ಎಳೆದು ಹೊಂದಿಸಿಕೊಳ್ಳಿ. ಎರಡು ಅನಿಮೇಟ್ ಇನ್ ಪ್ರೀಸೆಟ್ ಬೆರೆಸಿದ್ದರೆ ಒಂದರ ಆಪಾಸಿಟಿ ಅಳಿಸಿ.

ಮಾಸ್ಕ್‌ನಿಂದ (ಹೊರಗಿನದನ್ನು ಮರೆಮಾಡುವ ಚೌಕದಿಂದ) ಅಕ್ಷರ ಮೇಲೇಳಿಸುವ ಚಲನೆಯನ್ನೂ ಸೇರಿಸುವುದಾದರೆ ಚೌಕವನ್ನು ಬೇಸ್‌ಲೈನ್‌ಗೆ, ಅಂದರೆ ಅಕ್ಷರ ಕೂರುವ ಗೆರೆಗೆ, ನಿಲ್ಲಿಸಬೇಡಿ. ಇಂಗ್ಲಿಷ್ ದೊಡ್ಡಕ್ಷರಕ್ಕೆ ಅಷ್ಟು ಸಾಕು. “ರಾಜ್ಯೋತ್ಸವ”ದ ಎರಡೂ ಒತ್ತುಗಳು ಅದರ ಕೆಳಗೆ ಇಳಿದಿರುತ್ತವೆ, ಅರ್ಧಕ್ಕೇ ಕತ್ತರಿಸಿಹೋಗುತ್ತವೆ.