ಅಜಂತಾ, ದೇವಗಿರಿ, ಎಲ್ಲೋರಾ: ಎರಡು ದಿನಕ್ಕೆ ನಾನು ಹಾಕಿಕೊಂಡ ಕ್ರಮ

ಅಜಂತಾಕ್ಕೆ ಸೋಮವಾರ ರಜೆ, ಎಲ್ಲೋರಾಕ್ಕೆ ಮಂಗಳವಾರ. ಇದನ್ನು ನೋಡದೆ ಹೊರಟು ಮುಚ್ಚಿದ ಗೇಟಿನ ಮುಂದೆ ನಿಲ್ಲುವವರು ಬಹಳ. ಹಾಗಾಗಿ ಮಂಗಳವಾರ ಪ್ರಯಾಣ, ಬುಧವಾರ ಅಜಂತಾ, ಗುರುವಾರ ಬೆಳಿಗ್ಗೆ ದೇವಗಿರಿ (ದೌಲತಾಬಾದ್) ಕೋಟೆ, ಮಧ್ಯಾಹ್ನದ ಮೇಲೆ ಎಲ್ಲೋರಾ ಎಂದು ಇಟ್ಟುಕೊಂಡೆ. ಉತ್ತರ ಕರ್ನಾಟಕದವರಿಗೆ ದಾರಿ ಸುಲಭ. ಹುಬ್ಬಳ್ಳಿ, ವಿಜಯಪುರದ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 52 ಸೊಲ್ಲಾಪುರ, ತುಳಜಾಪುರ, ಬೀಡ್ ದಾಟಿ ಸಂಭಾಜಿನಗರಕ್ಕೆ, ಅಂದರೆ ಹಳೆಯ ಔರಂಗಾಬಾದಿಗೆ ಮುಟ್ಟಿಸುತ್ತದೆ. ವಿಜಯಪುರದಿಂದ ಸುಮಾರು 400 ಕಿ.ಮೀ. ವಾಸ್ತವ್ಯ ಅಲ್ಲೇ ಇರಲಿ. ಅಜಂತಾ ಅಲ್ಲಿಂದ ಸುಮಾರು 100 ಕಿ.ಮೀ.; ದೇವಗಿರಿ 15, ಎಲ್ಲೋರಾ 30, ಎರಡೂ ಒಂದೇ ರಸ್ತೆಯಲ್ಲಿ.

ಅಜಂತಾಕ್ಕೆ ಬೆಳಿಗ್ಗೆ 6ಕ್ಕೆ ಹೊರಡಬೇಕು, ಗುಹೆಗಳು ತೆರೆಯುವುದು 9ಕ್ಕೆ. ಗಾಡಿಯನ್ನು ಫರ್ದಾಪುರದ ಟಿ-ಜಂಕ್ಷನ್‌ನಲ್ಲೇ ನಿಲ್ಲಿಸಿ, ಮುಂದಿನ 4 ಕಿ.ಮೀ. ಅಲ್ಲಿನ ಬಸ್ಸಿನಲ್ಲೇ ಹೋಗಬೇಕು. ಚಿಲ್ಲರೆ ಜೇಬಿನಲ್ಲಿರಲಿ.

ಗುಹೆಗಳ ಸಂಖ್ಯೆ ಕಾಲದ ಲೆಕ್ಕದ್ದಲ್ಲ, ಬಾಗಿಲ ಕಡೆಯಿಂದ ಸಾಲಾಗಿ ಎಣಿಸಿಕೊಂಡು ಹೋದದ್ದು. ಜನರೆಲ್ಲ 1, 2ರ ಮುಂದೆ ಸಾಲುಗಟ್ಟುತ್ತಾರೆ. ನಾನು ಅವನ್ನು ಬಿಟ್ಟು ನೇರ 10ಕ್ಕೆ ನಡೆದೆ. 9 ಮತ್ತು 10 ಕ್ರಿಸ್ತಪೂರ್ವದ ಚೈತ್ಯಗಳು, ಅಂದರೆ ಬೌದ್ಧರ ಪೂಜಾಮಂದಿರಗಳು. ಒಳಗೆ ಬುದ್ಧನ ಮೂರ್ತಿಯಿಲ್ಲದ ಸ್ತೂಪ ಮಾತ್ರ. ಅದನ್ನು ಮೊದಲು ನೋಡಿ, ಆಮೇಲೆ ಐದನೇ ಶತಮಾನದ ವಾಕಾಟಕ ರಾಜ ಹರಿಷೇಣನ ಕಾಲದ 16, 17, 19, 26ಕ್ಕೆ ಹೋದರೆ, ಸ್ತೂಪದ ಮೇಲೆಯೇ ಬುದ್ಧ ಮೂಡಿ ನಿಂತದ್ದು 19ರಲ್ಲಿ ಕಣ್ಣಿಗೆ ಕಟ್ಟುತ್ತದೆ. 10ರ ಕಂಬವೊಂದರಲ್ಲಿ 1819ರ ಏಪ್ರಿಲ್ 28ರ ದಿನಾಂಕದ ಜೊತೆ, ಕಾಡಿನಲ್ಲಿ ಮರೆಯಾಗಿದ್ದ ಈ ಗುಹೆಗಳನ್ನು ಕಂಡ ಬ್ರಿಟಿಷ್ ಅಧಿಕಾರಿ ಜಾನ್ ಸ್ಮಿತ್ ಕೆತ್ತಿದ ಹೆಸರಿದೆ. ಅದು ಕೈಗೆಟುಕದಷ್ಟು ಎತ್ತರದಲ್ಲಿರುವುದಕ್ಕೆ ಕಾರಣ, ಆಗ ಗುಹೆಯಲ್ಲಿ ಅಷ್ಟು ಮಣ್ಣು ತುಂಬಿತ್ತು.

ಚಿತ್ರ ಕಾಣುವುದಿಲ್ಲ ಎಂದು ಎರಡೇ ನಿಮಿಷಕ್ಕೆ ಹೊರಬರುವವರೇ ಹೆಚ್ಚು. ಬಿಸಿಲಿನಿಂದ ಬಂದ ಕಣ್ಣು ಕತ್ತಲಿಗೆ ಒಗ್ಗಲು ಕಡಿಮೆಯೆಂದರೂ ಹತ್ತು ನಿಮಿಷ ಬೇಕು. ಒಳಗೆ ಹೋದೊಡನೆ ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿ, ಮೊಬೈಲ್ ಪರದೆ ನೋಡಬೇಡಿ. ಒಮ್ಮೆ ನೋಡಿದರೆ ಮತ್ತೆ ಮೊದಲಿನಿಂದ ಶುರು. ಫ್ಲ್ಯಾಶ್ ನಿಷೇಧ, ಟಾರ್ಚನ್ನೂ ಚಿತ್ರದ ಮೇಲೆ ಬಿಡಬಾರದು. ಚಾವಣಿಗೆ ದುರ್ಬೀನು ಬೇಕೇ ಬೇಕು. ಜೇಬಿನಲ್ಲಿ ಹಿಡಿಸುವ 8x21 (ಎಂಟು ಪಟ್ಟು ಹಿಗ್ಗಿಸುವ, 21 ಮಿ.ಮೀ. ಮಸೂರದ್ದು) ಇಲ್ಲಿ ಉಪಯೋಗಕ್ಕೆ ಬಾರದು, ಅದರಿಂದ ಕಣ್ಣಿಗೆ ಬರುವ ಬೆಳಕಿನ ವೃತ್ತ ಎರಡೂವರೆ ಮಿ.ಮೀ. ಅಷ್ಟೆ. 8x42ರಲ್ಲಿ ಅದು ಐದು ಮಿ.ಮೀ. ದಾಟುತ್ತದೆ. ಭಾರವಾದರೂ ಅದನ್ನೇ ಒಯ್ದೆ.

ಗೋಡೆ ಉದುರಿರುವ ಅಂಚುಗಳನ್ನು ಬಿಡದೆ ನೋಡಿ. ಕರಿಕಲ್ಲಿನ ಮೇಲೆ ಹೊಟ್ಟು, ನಾರು ಕಲಸಿದ ಮಣ್ಣಿನ ಗಾರೆ, ಅದರ ಮೇಲೆ ತೆಳು ಸುಣ್ಣ, ಆಮೇಲೆ ಬಣ್ಣ. ಒಣಗಿದ ಗೋಡೆಯ ಮೇಲೆ ಅಂಟಿನಲ್ಲಿ ಕಲಸಿ ಹಚ್ಚಿದ್ದು, ಹಾಗಾಗಿಯೇ ತೇವಕ್ಕೆ ಪದರ ಬಿಡುತ್ತದೆ. ಕೆಮ್ಮಣ್ಣು, ಹಳದಿ ಮಣ್ಣು, ಹಸಿರು ಮಣ್ಣು, ದೀಪದ ಕಾಡಿಗೆ ಇವೆಲ್ಲ ಸುಲಭದ ಬಣ್ಣ. ನೀಲಿ ಮಾತ್ರ ದೂರದಿಂದ ತರಿಸಿದ ಲಾಜವರ್ದ ಕಲ್ಲಿನದು. ಕೆಲವೆಡೆ ಕಾಣುವ ಕಂದು ಹಳದಿ ಛಾಯೆ ಹಳೆಯದಲ್ಲ. 1920ರ ದಶಕದಲ್ಲಿ ಚಿತ್ರ ಉಳಿಸಲೆಂದು ಬಳಿದ ಅರಗಿನ ವಾರ್ನಿಶ್ ಮಾಗಿದ್ದು.

24ನ್ನು ಯಾರೂ ನೋಡುವುದಿಲ್ಲ, ನನಗೆ ಅದೇ ಪಾಠಶಾಲೆ. ಅರ್ಧಕ್ಕೆ ನಿಂತ ವಿಹಾರ, ಅಂದರೆ ಭಿಕ್ಷುಗಳ ವಸತಿ ಅದು. ಬಂಡೆಯನ್ನು ಹೇಗೆ ಕಡಿದು ಒಳಗೆ ನುಗ್ಗುತ್ತಿದ್ದರು, ಕಂಬಕ್ಕೆ ಕಲ್ಲನ್ನು ಹೇಗೆ ಬಿಟ್ಟುಕೊಳ್ಳುತ್ತಿದ್ದರು ಎಂಬುದು ಉಳಿಯ ಗುರುತಿನ ಸಮೇತ ಕಾಣುತ್ತದೆ. ಆಮೇಲೆ 26ರ ಎಡಗೋಡೆಯ ಸುಮಾರು 7 ಮೀಟರಿನ ಮಹಾಪರಿನಿರ್ವಾಣ, ಕೊನೆಯುಸಿರೆಳೆಯುತ್ತ ಮಲಗಿದ ಬುದ್ಧನ ಶಿಲ್ಪ. ಜನ ಊಟಕ್ಕೆ ಹೋದ ಹೊತ್ತಿಗೆ 1, 2. ಒಂದನೆಯದರಲ್ಲಿ ‘ಪುಲಕೇಶಿಯ ಆಸ್ಥಾನದ ಪರ್ಷಿಯಾ ರಾಯಭಾರಿಗಳು’ ಎಂದು ತೋರಿಸುವ ಚಿತ್ರವಿದೆ. ಅದು ಹಳೆಯ ಊಹೆ. ಈಗ ಹೆಚ್ಚಿನ ವಿದ್ವಾಂಸರು ಈ ಗುಹೆಯನ್ನು ಇಮ್ಮಡಿ ಪುಲಕೇಶಿಗಿಂತ ಒಂದು ಶತಮಾನಕ್ಕೂ ಹಿಂದಕ್ಕೆ ಇಡುತ್ತಾರೆ.

ಇಲ್ಲಿಗೆ ದಾರವಿಲ್ಲದ ಚಪ್ಪಲಿ, ಜೊತೆಗೆ ದಪ್ಪ ಕಾಲುಚೀಲ. ಚಿತ್ರದ ಗುಹೆಗಳ ಹೊರಗೆ ಮತ್ತೆ ಮತ್ತೆ ಬಿಚ್ಚಬೇಕು, ಹೊರಗಿನ ಕಲ್ಲು ಸುಡುತ್ತದೆ. ಬಂಡೆಯಲ್ಲಿ ಹೆಜ್ಜೇನು ಕಟ್ಟುತ್ತದೆ, ಸುಗಂಧ ಪೂಸಿಕೊಂಡು ಬರಬೇಡಿ.

ಕೋಟೆಗೆ ಮಾತ್ರ ದಾರ ಬಿಗಿದ, ಹಿಡಿತವಿರುವ ಬೂಟು. ದೇವಗಿರಿ ಸೇವುಣರ, ಅಂದರೆ ಯಾದವ ಅರಸರ ರಾಜಧಾನಿ. ಅವರ ಎಷ್ಟೋ ಶಾಸನಗಳು ಕನ್ನಡದಲ್ಲಿವೆ. ಸುಮಾರು 200 ಮೀಟರ್ ಗುಡ್ಡ, ಏಳುನೂರಕ್ಕೂ ಹೆಚ್ಚು ಮೆಟ್ಟಿಲು, ಎತ್ತರ ಒಂದೊಂದರದು ಒಂದೊಂದು ಬಗೆ. ಹತ್ತಿ ಇಳಿಯಲು ಎರಡೂವರೆ ತಾಸು, ತಲೆಗೆ ಒಂದೂವರೆ ಲೀಟರ್ ನೀರು. ಹತ್ತು ಗಂಟೆಯ ಮೇಲೆ ಶುರು ಮಾಡಿದರೆ ಕಲ್ಲು ಕಾದು ಅರ್ಧಕ್ಕೇ ಹಿಂತಿರುಗುವಂತಾಗುತ್ತದೆ. ಗುಡ್ಡದ ಬುಡವನ್ನು ಸುತ್ತಲೂ ಗೋಡೆಯಂತೆ ನೆಟ್ಟಗೆ ಕಡಿದು, ಕೆಳಗೆ ಬಂಡೆಯಲ್ಲೇ ಕಂದಕ ತೋಡಿದ್ದಾರೆ. ಸೇತುವೆ ದಾಟಿದರೆ ‘ಅಂಧೇರಿ’, ಬಂಡೆಯೊಳಗೆ ತಿರುಗುತ್ತ ಏರುವ ಕತ್ತಲ ದಾರಿ. ಟಾರ್ಚ್ ಬೇಕಾಗುವುದು ಇಲ್ಲಿ, ಅದೂ ತಲೆಗೆ ಕಟ್ಟುವಂಥದು, ಏಕೆಂದರೆ ಎರಡೂ ಕೈ ಗೋಡೆಗೆ ಬೇಕು. ಬಾವಲಿಯ ಹಿಕ್ಕೆ ಜಾರುತ್ತದೆ, ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳಿ. ಆಗದವರಿಗೆ ಪಕ್ಕದಲ್ಲಿ ಬಯಲ ಮೆಟ್ಟಿಲ ದಾರಿಯಿದೆ.

ಎಲ್ಲೋರಾದ ಬಂಡೆಸಾಲು ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಗುಹೆಗಳೆಲ್ಲ ನೆರಳು, ಮೂರು ಗಂಟೆಯ ಮೇಲೆ ಬಿಸಿಲು ಒಳಕ್ಕೆ ಇಣುಕುತ್ತದೆ. 1ರಿಂದ 12 ಬೌದ್ಧರವು. ರಾಷ್ಟ್ರಕೂಟ ಒಂದನೇ ಕೃಷ್ಣನ ಕೈಲಾಸ ದೇವಾಲಯಕ್ಕೆ ಬೇರೆಯೇ ಒಂದು ದಿನ ಬೇಕು. ಅರ್ಧ ಗಂಟೆ ಕೊಟ್ಟು ಬರುವುದು ನನಗೆ ಒಪ್ಪಿಗೆಯಾಗಲಿಲ್ಲ, ಆ ದಿನ ಬಿಟ್ಟೆ. ಮೊದಲು 12ರ ಮೂರನೇ ಅಂತಸ್ತು ಹತ್ತಿ ಏಳು ಬುದ್ಧರ ಸಾಲು ನೋಡಿದೆ, ಅಲ್ಲಿನ ಮೆಟ್ಟಿಲು ಬೇಗ ಕತ್ತಲಾಗುತ್ತದೆ. ಆಮೇಲೆ 5ರ ಉದ್ದ ಸಭಾಂಗಣ, ನೆಲದಲ್ಲೇ ಬಿಟ್ಟ ಎರಡು ತಗ್ಗು ಕಲ್ಲುಬೆಂಚಿನ ಸಾಲು. 10ನ್ನು ಕೊನೆಗೆ ಇಟ್ಟುಕೊಂಡೆ. ಚಾವಣಿಯಲ್ಲಿ ಮರದ ತೊಲೆಗಳಂತೆಯೇ ಕೆತ್ತಿದ ಕಲ್ಲಿನ ಪಕ್ಕೆಗಳು. ಅದಕ್ಕೇ ಊರವರು ಬಡಗಿಯ ಗುಡಿಸಲು ಎನ್ನುತ್ತಾರೆ. ಇಳಿಬಿಸಿಲು ಮುಂದಿನ ಮೇಲ್ಗಿಂಡಿಯಿಂದ ಇಳಿಯುವಾಗ ನೆಲದ ಮೇಲೆ ಕೂತು ನೋಡಿ.