ಬ್ಯಾಂಕ್‌ರಪ್ಸಿ ಹಾಕಿದರೆ ಎಷ್ಟು ಸಲ ಕೋರ್ಟಿಗೆ ಹೋಗಬೇಕು?

ಅಮೆರಿಕಕ್ಕೆ ಬಂದು ವರ್ಷ ಎರಡು ವರ್ಷದಲ್ಲೇ ಕೆಲಸ ಹೋಗಿ, ಆಸ್ಪತ್ರೆ ಬಿಲ್ಲು, ಕ್ರೆಡಿಟ್ ಕಾರ್ಡ್ ಸಾಲ ಎಲ್ಲ ಒಟ್ಟಿಗೆ ಬಿದ್ದು ಕಂಗಾಲಾದವರು ಕನ್ನಡ ಕೂಟಕ್ಕೆ ಫೋನ್ ಮಾಡುತ್ತಾರೆ. ದನಿ ತಗ್ಗಿಸಿಯೇ ಕೇಳುತ್ತಾರೆ. ನಮ್ಮಲ್ಲಿ 'ದಿವಾಳಿ' ಅನ್ನೋ ಮಾತಿಗೆ ಅಂಥ ಭಾರ ಇದೆ, ಅಲ್ವಾ? ಇಲ್ಲಿ ಅದು ಅಪರಾಧವಲ್ಲ, ಕಾನೂನೇ ಕೊಟ್ಟಿರುವ ದಾರಿ.

ಲಾಯರ್ ಇಟ್ಟುಕೊಂಡು ಚಾಪ್ಟರ್ 7, ಅಂದರೆ ಕಂತಿನ ಯೋಜನೆ ಇಲ್ಲದೆ ಸಾಲ ಮನ್ನಾ ಕೇಳುವ ದಿವಾಳಿ ಅರ್ಜಿ, ಹಾಕಿದರೆ ನೀವು ಹಾಜರಾಗಬೇಕಾದ್ದು ಸಾಮಾನ್ಯವಾಗಿ ಒಂದೇ ಸಲ. ಅದಕ್ಕೆ 341 ಮೀಟಿಂಗ್ ಅನ್ನುತ್ತಾರೆ. ಅಲ್ಲಿ ಜಡ್ಜ್ ಇರುವುದಿಲ್ಲ, ಇರಲೂ ಕೂಡದು. ಪ್ರಶ್ನೆ ಕೇಳುವವರು ಟ್ರಸ್ಟಿ, ಅಂದರೆ ನಿಮ್ಮ ಕೇಸ್ ನೋಡಿಕೊಳ್ಳಲು ನೇಮಕವಾದವರು. ಅರ್ಜಿ ಹಾಕಿದ 21ರಿಂದ 40 ದಿನದೊಳಗೆ ಈ ಮೀಟಿಂಗ್ ಇಡುತ್ತಾರೆ, ಈಗ ಹೆಚ್ಚಾಗಿ ಝೂಮ್‌ನಲ್ಲೇ ನಡೆಯುತ್ತದೆ, ತೊಡಕಿಲ್ಲದ ಕೇಸಾದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಸಾಲ ಕೊಟ್ಟವರೂ ಬರಬಹುದು, ಆದರೆ ಬರುವುದು ಕಡಿಮೆ. ಗಂಡ ಹೆಂಡತಿ ಸೇರಿ ಅರ್ಜಿ ಹಾಕಿದ್ದರೆ ಇಬ್ಬರೂ ಇರಲೇಬೇಕು. ಫೋಟೋ ಇರುವ ಗುರುತಿನ ಚೀಟಿ, ಸೋಷಿಯಲ್ ಸೆಕ್ಯುರಿಟಿ ನಂಬರಿನ ದಾಖಲೆ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಮೀಟಿಂಗ್ ತಪ್ಪಿಸಿಕೊಂಡರೆ ಕೇಸೇ ವಜಾ ಆಗಬಹುದು. ಇಂಗ್ಲಿಷ್ ಕಷ್ಟ ಅನ್ನುವವರು ಲಾಯರಿಗೆ ಮೊದಲೇ ಹೇಳಿ, ಫೋನಿನಲ್ಲಿ ದುಭಾಷಿಯನ್ನು ಕೊಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಮೀಟಿಂಗಿಗೆ ಹೆದರಬೇಡಿ. ಹೆದರಬೇಕಾದ್ದು ಊರಿನ ಆಸ್ತಿ ಅರ್ಜಿಯಲ್ಲಿ ಬರೆಯದೆ ಬಿಟ್ಟುಹೋಗುವುದಕ್ಕೆ. ಟ್ರಸ್ಟಿ ಪ್ರಮಾಣ ಮಾಡಿಸಿ, ಎಲ್ಲ ಆಸ್ತಿ ಬರೆದಿದ್ದೀರಾ ಅಂತ ಕೇಳುತ್ತಾರೆ. ಎಲ್ಲ ಅಂದರೆ ಭಾರತದ್ದೂ ಸೇರಿ. ಸೈಟು, ಎಲ್‌ಐಸಿ ಪಾಲಿಸಿ, ಎನ್‌ಆರ್‌ಇ ಖಾತೆ, ಲಾಕರಿನಲ್ಲಿರುವ ಒಡವೆ, ಕಟ್ಟುತ್ತಿರುವ ಚೀಟಿ, ಎಲ್ಲ. ಪಹಣಿಯಲ್ಲಿ ಇನ್ನೂ ಅಪ್ಪನ ಹೆಸರೇ ಇದೆ, ಪಾಲಾಗಿಲ್ಲ ಅಂತ ಸುಮ್ನೆ ಬಿಡಬೇಡಿ. ಪಿತ್ರಾರ್ಜಿತ ಜಮೀನಿನಲ್ಲಿ ನಿಮಗೆ ಹುಟ್ಟಿನಿಂದಲೇ ಪಾಲು ಇರಬಹುದು, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಇದೆ, ಅದನ್ನು ಹೇಗೆ ಬರೆಯಬೇಕು ಅನ್ನುವುದನ್ನು ಲಾಯರೇ ತೀರ್ಮಾನಿಸಲಿ. ಬೇಕೆಂದೇ ಮುಚ್ಚಿಟ್ಟರೆ ಸಾಲ ಮನ್ನಾ ಆಗದಿರಬಹುದು, 5 ವರ್ಷದವರೆಗೆ ಜೈಲಾಗುವ ಅಪರಾಧ ಅದು. ಇನ್ನೊಂದು: ಕಳೆದ ಒಂದು ವರ್ಷದಲ್ಲಿ ಅಣ್ಣನಿಗೋ ಭಾವನಿಗೋ ಕೈಸಾಲ ತೀರಿಸಿದ್ದರೆ ಅದನ್ನೂ ಹೇಳಿ. ಬ್ಯಾಂಕನ್ನು ಬಿಟ್ಟು ಮನೆಯವರಿಗೆ ಮೊದಲು ಕೊಟ್ಟದ್ದನ್ನು ಟ್ರಸ್ಟಿ ವಾಪಸ್ ಕೇಳಬಹುದು. ನಮ್ಮವರಿಗೆ ಇದೇ ಜಾಸ್ತಿ ನೋವಾಗುವ ವಿಷಯ, ಅದಕ್ಕೇ ಅರ್ಜಿ ಹಾಕುವ ಮೊದಲೇ ಲಾಯರ್ ಹತ್ತಿರ ಮಾತಾಡಿ.

ಜಡ್ಜ್ ಮುಂದೆ ಹೋಗುವ ಸಂದರ್ಭ ಕಡಿಮೆ. ಯಾರಾದರೂ ತಕರಾರು ಎತ್ತಿದರೆ, ಅಥವಾ ಕಾರಿನ ಸಾಲ ಮುಂದುವರಿಸುವ ಒಪ್ಪಂದಕ್ಕೆ ನಿಮ್ಮ ಲಾಯರ್ ಸಹಿ ಹಾಕದಿದ್ದರೆ ಹೋಗಬೇಕಾಗಬಹುದು. ಕಂತಿನಲ್ಲಿ ಸಾಲ ತೀರಿಸುವ ಚಾಪ್ಟರ್ 13ರಲ್ಲಿ ಆ ಕಂತಿನ ಯೋಜನೆಗೆ ಒಪ್ಪಿಗೆ ಕೊಡುವ ವಿಚಾರಣೆ ಇರುತ್ತದೆ, ಅದಕ್ಕೆ ಬಹಳ ಕಡೆ ಲಾಯರ್ ಹೋದರೆ ಸಾಕು. ನೀವೂ ಬರಬೇಕಾ ಅಂತ ಕೇಳಿಕೊಳ್ಳಿ.

ಮೀಟಿಂಗ್ ಮುಗಿಯಿತು ಅಂತ ಎರಡನೇ ಕೋರ್ಸ್ ಮರೆಯಬೇಡಿ. ಅರ್ಜಿಗೆ ಮೊದಲು ಒಂದು ಕೌನ್ಸೆಲಿಂಗ್, ಆಮೇಲೆ ಹಣ ನಿರ್ವಹಣೆಯ ಇನ್ನೊಂದು ಕೋರ್ಸ್. ಅದರ ಸರ್ಟಿಫಿಕೇಟ್ ಕೋರ್ಟಿಗೆ ಹೋಗದಿದ್ದರೆ ಸಾಲ ಮನ್ನಾ ಆಗದೆಯೇ ಕೇಸ್ ಮುಚ್ಚುತ್ತಾರೆ. ಎಲ್ಲ ಸರಿಯಿದ್ದರೆ ಚಾಪ್ಟರ್ 7ರಲ್ಲಿ ಮೀಟಿಂಗಿನ ದಿನದಿಂದ ಸುಮಾರು 60 ದಿನ ಕಳೆದ ಮೇಲೆ ಡಿಸ್ಚಾರ್ಜ್ ಆದೇಶ, ಅಂದರೆ ಸಾಲ ಮನ್ನಾ ಆದೇಶ, ಅಂಚೆಯಲ್ಲಿ ಬರುತ್ತದೆ. ಅದನ್ನು ಪಾಸ್‌ಪೋರ್ಟ್ ಇಡುವ ಜಾಗದಲ್ಲೇ ಎತ್ತಿಡಿ, ಮುಂದೆ ಮನೆ ಸಾಲ ಕೇಳಲು ಹೋದಾಗ ಬೇಕಾಗುತ್ತದೆ.